ಕಣ್ಣಿನ ಆಪರೇಷನ್ ನಂತರ ಗಾಯ ಮಾಯುವುದು, ಕಲೆ ಉಳಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಆಪರೇಷನ್ ಮುಗಿಸಿ ಮನೆಗೆ ಬಂದ ಮೇಲೆ ಹುಟ್ಟುವ ಪ್ರಶ್ನೆಗಳೇ ಬೇರೆ. ಆಸ್ಪತ್ರೆಯಲ್ಲಿ ಕೇಳಲು ಸಂಕೋಚಪಟ್ಟು ಆಮೇಲೆ ಫೋನಿನಲ್ಲಿ, ಪತ್ರದಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಜನ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಮೈಯ ಬೇರೆಡೆ ಆದ ಗಾಯ ಬೇಗ ಮಾಯಲಿ, ಗಟ್ಟಿಯಾಗಿ ಕೂಡಲಿ ಎಂದು ಬಯಸುತ್ತೇವೆ. ಕಣ್ಣಿನಲ್ಲಿ ಅಷ್ಟು ಸರಳವಿಲ್ಲ. ಕೆಲವು ಕಡೆ ಗಟ್ಟಿಯಾಗಿ ಕೂಡಬೇಕು, ಕೆಲವು ಕಡೆ ಕಲೆ ಉಳಿಸದೆ ಮಾಯಬೇಕು, ಒಂದು ಆಪರೇಷನ್ನಿನಲ್ಲಂತೂ ಗಾಯ ಪೂರ್ತಿ ಮುಚ್ಚಲೇಬಾರದು. ವೈದ್ಯರು ಬರೆದುಕೊಡುವ ಹನಿಗಳಲ್ಲಿ ಬಹುಪಾಲು ಈ ಮಾಯುವಿಕೆಯನ್ನು ಹದದಲ್ಲಿಡುವುದಕ್ಕಾಗಿಯೇ ಇವೆ.

## ಮೊದಲ ದಿನಗಳು

ಅಮ್ಮನಿಗೆ ಪೊರೆ ತೆಗೆದರು, ಆದರೆ ಒಂದು ಹೊಲಿಗೆಯನ್ನೂ ಹಾಕಿಲ್ಲವಂತೆ. ಗಾಯ ಬಿಚ್ಚಿಕೊಂಡರೆ?

ಹೊಲಿಗೆ ಬೇಡದ ಹಾಗೆಯೇ ಗಾಯವನ್ನು ಮಾಡಿರುತ್ತಾರೆ. ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವ ಫೇಕೋ ವಿಧಾನದಲ್ಲಿ ಅದರ ಅಗಲ 3 ಮಿಲಿಮೀಟರಿಗಿಂತ ಕಡಿಮೆ. ನೇರವಾಗಿ ಕೊರೆಯದೆ, ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಭಾಗದ) ದಪ್ಪದೊಳಗೆ ಓರೆಯಾಗಿ ಸುರಂಗ ತೋಡಿ ಒಳಗೆ ಹೋಗುತ್ತಾರೆ. ಆಪರೇಷನ್ ಮುಗಿದ ಮೇಲೆ ಕಣ್ಣಿನೊಳಗಿನ ಒತ್ತಡವೇ ಸುರಂಗದ ಒಳತುಟಿಯನ್ನು ಒತ್ತಿ ಕವಾಟ ಮುಚ್ಚುತ್ತದೆ. ಶಿಬಿರಗಳಲ್ಲಿಯೂ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಹೆಚ್ಚಾಗಿ ಮಾಡುವ ಸಣ್ಣ ಗಾಯದ ಕೈವಿಧಾನದಲ್ಲಿ ಸುರಂಗ ಸುಮಾರು 6 ಮಿಲಿಮೀಟರ್ ಅಗಲವಿದ್ದು ಬಿಳಿಗುಡ್ಡೆಯಲ್ಲಿರುತ್ತದೆ. ಅದಕ್ಕೂ ಸಾಮಾನ್ಯವಾಗಿ ಹೊಲಿಗೆ ಬೇಕಿಲ್ಲ.

ಅಂಚು ಮುಚ್ಚಿಕೊಳ್ಳುವುದು ಅಂದೇ ಆದರೂ ಗಾಯ ಬಲಗೊಳ್ಳಲು ವಾರಗಳು ಬೇಕು. ರಾತ್ರಿ ಕಣ್ಣಿಗೆ ಶೀಲ್ಡ್ ಕಟ್ಟಿಕೊಳ್ಳಿ, ಉಜ್ಜಬೇಡಿ ಎಂದು ಹೇಳುವುದು ಇದಕ್ಕಾಗಿ. ನಿದ್ದೆಯಲ್ಲಿ ಕೈ ತನ್ನಿಂದ ತಾನೇ ಕಣ್ಣಿಗೆ ಹೋಗುತ್ತದೆ.

ಆಪರೇಷನ್ ಆಗಿ ನಾಲ್ಕು ದಿನ. ಕಣ್ಣು ಕೆಂಪಗಿದೆ, ಮರಳು ಬಿದ್ದ ಹಾಗೆ ಚುಚ್ಚುತ್ತದೆ. ಹೆದರಬೇಕೆ?

ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಹೆದರಬೇಕಿಲ್ಲ. ಸ್ವಲ್ಪ ಕೆಂಪು, ಚುಚ್ಚುವಿಕೆ, ನೀರು ಸೋರುವುದು ಗಾಯ ಮಾಯುತ್ತಿರುವಾಗ ಇರುವಂಥವೇ. ಕಡಿಮೆಯಾಗುತ್ತಿದ್ದದ್ದು ತಿರುಗಿ ಹೆಚ್ಚಾದರೆ, ನೋವು ಏರಿದರೆ, ನಿನ್ನೆ ಕಂಡಿದ್ದು ಇಂದು ಮಸುಕಾದರೆ, ಕೀವು ಅಥವಾ ರೆಪ್ಪೆಯ ಊತ ಕಂಡರೆ ಅದೇ ಗಳಿಗೆಯಲ್ಲಿ ಹೊರಡಿ. ಕಣ್ಣಿನೊಳಗೆ ಸೋಂಕು ತಗಲುವುದು ಅಪರೂಪ, ಆದರೆ ತಗಲಿದರೆ ಲೆಕ್ಕ ಗಂಟೆಗಳದ್ದು. ಭಾನುವಾರ, ಹಬ್ಬ, ನಡುರಾತ್ರಿ ಎಂದು ಕಾಯಬೇಡಿ.

ಈಗ ಚೆನ್ನಾಗಿ ಕಾಣಿಸುತ್ತಿದೆ. ಇನ್ನೂ ಒಂದು ತಿಂಗಳು ಡ್ರಾಪ್ಸ್ ಏಕೆ?

ಕಾಣಿಸುವುದಕ್ಕೂ ಗಾಯ ಮಾಯುವುದಕ್ಕೂ ಸಂಬಂಧ ಕಡಿಮೆ. ಮೊದಲ ದಿನಗಳ ಆ್ಯಂಟಿಬಯಾಟಿಕ್ ಹನಿ ಸೋಂಕು ತಡೆಯಲು. ನಿಧಾನವಾಗಿ ಇಳಿಸುತ್ತಾ ನಾಲ್ಕರಿಂದ ಆರು ವಾರ ಹಾಕಿಸುವ ಸ್ಟಿರಾಯ್ಡ್ ಹನಿ ಉರಿಯೂತವನ್ನು ಅಡಗಿಸಲು. ಉರಿಯೂತ ಮಿತಿಯಲ್ಲಿದ್ದರೆ ಗಾಯಕ್ಕೆ ಒಳ್ಳೆಯದು, ಮಿತಿಮೀರಿದರೆ ಕಲೆಗೆ ಬುನಾದಿ. ನಡುವೆ ಥಟ್ಟನೆ ನಿಲ್ಲಿಸಿದರೆ ಅಡಗಿದ್ದ ಉರಿಯೂತ ಮರುಕಳಿಸಬಹುದು.

ಇದರ ವಿರುದ್ಧದ ತಪ್ಪು ನನಗೆ ಇನ್ನೂ ಹೆಚ್ಚು ಚಿಂತೆ ಹುಟ್ಟಿಸುತ್ತದೆ: ಹಳೆಯ ಚೀಟಿ ಹಿಡಿದು ಔಷಧದ ಅಂಗಡಿಯಿಂದ ಅದೇ ಸ್ಟಿರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ತರಿಸಿ ಹಾಕಿಕೊಳ್ಳುವುದು. ಕೆಲವರ ಕಣ್ಣಿನ ಒತ್ತಡ ಈ ಹನಿಗೆ ಸದ್ದಿಲ್ಲದೆ ಏರುತ್ತದೆ. ನೋವಿಲ್ಲ, ಕೆಂಪಿಲ್ಲ, ನರ ಮಾತ್ರ ಸವೆಯುತ್ತಿರುತ್ತದೆ. ಹೀಗೆ ಹೋದ ದೃಷ್ಟಿ ಮರಳುವುದಿಲ್ಲ. ಹನಿಯನ್ನು ಬರೆದುಕೊಟ್ಟಷ್ಟು ದಿನ ಹಾಕಿ. ಅದಕ್ಕಿಂತ ಕಡಿಮೆ ಬೇಡ, ಒಂದು ದಿನ ಹೆಚ್ಚೂ ಬೇಡ.

ಬದನೆಕಾಯಿ, ಮೀನು, ಮೊಟ್ಟೆ ನಂಜು, ಗಾಯ ಕೀವಾಗುತ್ತದೆ ಎಂದು ಅತ್ತೆ ಬರೀ ಅನ್ನ–ತಿಳಿಸಾರು ಕೊಡುತ್ತಿದ್ದಾರೆ. ಸರಿಯೇ?

ಅತ್ತೆಯವರ ಕಾಳಜಿ ದೊಡ್ಡದು, ಆದರೆ ಪಥ್ಯ ಬೇಡ. ಗಾಯ ಕೂಡಲು ದೇಹ ನೇಯುವುದು ಕೊಲ್ಯಾಜನ್ ಎಂಬ ಪ್ರೋಟೀನನ್ನು. ಅದಕ್ಕೆ ಬೇಳೆ, ಮೊಟ್ಟೆ, ಮೀನು, ಹಾಲು, ಕಾಳುಗಳ ಪ್ರೋಟೀನ್ ಬೇಕು, ನೆಲ್ಲಿಕಾಯಿ–ನಿಂಬೆಯ ಸಿ ಜೀವಸತ್ವ ಬೇಕು. ಕಣ್ಣಿನ ಮೇಲ್ಪದರಕ್ಕೆ ಸೊಪ್ಪು, ಕ್ಯಾರೆಟ್, ಪಪ್ಪಾಯಿಯಿಂದ ಸಿಗುವ ಎ ಜೀವಸತ್ವ ಬೇಕು. ವಯಸ್ಸಾದವರಿಗೆ ಮೊದಲೇ ಊಟ ಕಡಿಮೆ. ಅವರನ್ನು ತಿಳಿಸಾರಿನ ಮೇಲೆ ಇಡುವುದು ಗಾಯಕ್ಕೆ ಒಳ್ಳೆಯದಲ್ಲ. ಯಾವುದಾದರೂ ತಿಂದರೆ ಮೈ ತುರಿಸುವ ಅಲರ್ಜಿ ಇದ್ದವರು ಅದನ್ನು ಬಿಟ್ಟರೆ ಸಾಕು. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಈ ವಾರಗಳಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಡಬೇಕು. ಅದು ಹೆಚ್ಚಿದ್ದರೆ ಗಾಯ ನಿಧಾನವಾಗುತ್ತದೆ, ಸೋಂಕಿಗೂ ದಾರಿಯಾಗುತ್ತದೆ.

ನಂದಿಬಟ್ಟಲ ಹೂವಿನ ರಸ, ಎದೆಹಾಲು, ಹರಳೆಣ್ಣೆ ಬಿಟ್ಟರೆ ಉರಿ ಇಳಿಯುತ್ತದಲ್ಲವೆ?

ಆಪರೇಷನ್ ಆದ ಕಣ್ಣಿಗೆ ಇವು ಯಾವುವೂ ಬೇಡ. ಕ್ರಿಮಿಶುದ್ಧವಲ್ಲದ ಯಾವ ದ್ರವವೂ ತೆರೆದ ಗಾಯಕ್ಕೆ ಸೋಂಕು ತರಬಲ್ಲದು. ಗಿಡದ ಹಾಲಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎಕ್ಕದ ಹಾಲು ಕಣ್ಣಿಗೆ ಸಿಡಿದು ಕಾರ್ನಿಯಾ ಊದಿಕೊಂಡವರು ಕಣ್ಣಿನ ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತಾರೆ.

ತಲೆಗೆ ಸ್ನಾನ, ಅಡುಗೆ, ಟಿವಿ, ಮೊಬೈಲ್?

ಟಿವಿ, ಮೊಬೈಲ್, ಓದು ಗಾಯಕ್ಕೆ ಏನೂ ಮಾಡುವುದಿಲ್ಲ, ಕಣ್ಣು ದಣಿದರೆ ನಿಲ್ಲಿಸಿ. ಕತ್ತಿನ ಕೆಳಗಿನ ಸ್ನಾನ ಮರುದಿನದಿಂದಲೇ ಆಗಬಹುದು. ತಲೆಸ್ನಾನವನ್ನು ವೈದ್ಯರು ಹೇಳಿದಷ್ಟು ದಿನ ಮುಂದೂಡಿ, ಆಮೇಲೂ ಕೆಲವು ಬಾರಿ ತಲೆ ಹಿಂದಕ್ಕೆ ಬಾಗಿಸಿ ಬೇರೆಯವರಿಂದ ಮಾಡಿಸಿಕೊಳ್ಳಿ. ಹೊಗೆಯ ಒಲೆ, ಒಗ್ಗರಣೆಯ ಸಿಡಿತ, ಧೂಳೇಳುವ ಒಕ್ಕಣೆಯ ಕಣ, ಕೆರೆ–ಬಾವಿಯ ಈಜು ಸದ್ಯಕ್ಕೆ ಬೇಡ.

## ಕಲೆಯ ಪ್ರಶ್ನೆಗಳು

ಉಗುರು ತಗುಲಿ ಆದ ಗಾಯ ಎರಡೇ ದಿನಕ್ಕೆ ಮಾಯಿತು. ಆದರೆ ನಮ್ಮ ಅಣ್ಣನಿಗೆ ಭತ್ತದ ಮುಳ್ಳು ತಗುಲಿ ಕಣ್ಣಿಗೆ ಹೂವು ಬಿದ್ದಿದೆ. ಏಕೆ ಈ ವ್ಯತ್ಯಾಸ?

ಆಳದ ವ್ಯತ್ಯಾಸ. ಕಾರ್ನಿಯಾ ಎಂದರೆ ಕಣ್ಣಿನ ಮುಂದಿನ ಪಾರದರ್ಶಕ ಗಾಜಿನಂಥ ಭಾಗ; ಅದರ ನಡುವಿನ ದಪ್ಪ ಅರ್ಧ ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ಅಷ್ಟರಲ್ಲೇ ಪದರದ ಮೇಲೆ ಪದರವಿದ್ದು, ಒಂದೊಂದೂ ತನ್ನದೇ ರೀತಿಯಲ್ಲಿ ಮಾಯುತ್ತದೆ.

ತೀರ ಮೇಲಿನ ಪದರ ಕೆರೆದು ಹೋದರೆ ಸುತ್ತಲಿನ ಜೀವಕೋಶಗಳು ಜಾರಿ ಬಂದು ಒಂದೆರಡು ದಿನಗಳಲ್ಲಿ ಮುಚ್ಚುತ್ತವೆ. ಕಪ್ಪುಗುಡ್ಡೆ ಮತ್ತು ಬಿಳಿಗುಡ್ಡೆ ಸೇರುವ ಅಂಚಿನಲ್ಲಿರುವ ಕಾಂಡಕೋಶಗಳು ಹೊಸ ಕೋಶಗಳನ್ನು ಹುಟ್ಟಿಸುತ್ತಲೇ ಇರುತ್ತವೆ. ಕುರುಹೂ ಉಳಿಯುವುದಿಲ್ಲ.

ಗಾಯ ಇನ್ನೂ ಕೆಳಗಿಳಿದರೆ ಕಥೆ ಬದಲಾಗುತ್ತದೆ. ನಡುವಿನ ದಪ್ಪ ಪದರದಲ್ಲಿ ಕೊಲ್ಯಾಜನ್ ಎಳೆಗಳು ಮಗ್ಗದ ಹಾಸಿನಂತೆ ಸಮ ಅಂತರದಲ್ಲಿ, ಸಮ ದಪ್ಪದಲ್ಲಿ ಹರಡಿವೆ. ಈ ಅಚ್ಚುಕಟ್ಟಿನಿಂದಲೇ ಬೆಳಕು ಚದುರದೆ ಒಳಗೆ ಹೋಗುತ್ತದೆ. ಗಾಯವಾದಾಗ ಅಲ್ಲಿ ಸುಮ್ಮನಿದ್ದ ಕೋಶಗಳು ಎಚ್ಚತ್ತು ರೂಪ ಬದಲಿಸಿ, ಅಂಚುಗಳನ್ನು ಎಳೆದು ಬಿಗಿಯುತ್ತಾ ಅವಸರದಲ್ಲಿ ಹೊಸ ಎಳೆಗಳನ್ನು ಹಾಕುತ್ತವೆ. ಅವು ದಪ್ಪ–ತೆಳು, ಅಡ್ಡಾದಿಡ್ಡಿ. ಗಾಯ ಮುಚ್ಚುತ್ತದೆ, ಪಾರದರ್ಶಕತೆ ಹೋಗುತ್ತದೆ. ಊರಿನಲ್ಲಿ ಹೂವು ಎನ್ನುವುದು ಈ ಬಿಳಿ ಕಲೆಯನ್ನೇ. ಭತ್ತದ ಮುಳ್ಳಿನಂಥ ಗಿಡದ ಚೂರು ತಗುಲಿದಾಗ ಫಂಗಸ್ ಸೋಂಕೂ ಸೇರಿಕೊಳ್ಳಬಹುದು, ಆಗ ಕಲೆ ಇನ್ನೂ ದಟ್ಟ. ಸುಗ್ಗಿಯ ಕೆಲಸದಲ್ಲಿ ಒಂದು ಸಾಧಾರಣ ಕನ್ನಡಕ ಹಾಕಿಕೊಂಡರೂ ಎಷ್ಟೋ ಕಣ್ಣುಗಳು ಉಳಿಯುತ್ತವೆ.

ಕಿವಿ ಚುಚ್ಚಿಸಿದ ಜಾಗದಲ್ಲಿ ನನಗೆ ಕೀಲಾಯ್ಡ್ ಗಂಟು ಬೆಳೆದಿದೆ. ಕಣ್ಣಿನಲ್ಲೂ ಹಾಗೆ ಆದರೆ?

ಕೀಲಾಯ್ಡ್ ಚರ್ಮದ ಸಮಸ್ಯೆ. ಕಣ್ಣುಗುಡ್ಡೆಯ ಗಾಯಕ್ಕೂ ಅದಕ್ಕೂ ನೇರ ನಂಟಿಲ್ಲ. ಕೀಲಾಯ್ಡ್ ಇದ್ದವರಿಗೆ ಲೇಸಿಕ್ (ಕನ್ನಡಕದ ನಂಬರ್ ತೆಗೆಯುವ ಲೇಸರ್ ಆಪರೇಷನ್) ಬೇಡ ಎಂದು ಮೊದಮೊದಲು ಎಚ್ಚರಿಸುತ್ತಿದ್ದರು; ನಂತರದ ಅನುಭವ ಆ ಭಯವನ್ನು ಎತ್ತಿಹಿಡಿಯಲಿಲ್ಲ. ರೆಪ್ಪೆಯ ಚರ್ಮ ಮೈಯಲ್ಲೆಲ್ಲ ತೀರ ತೆಳುವಾದದ್ದು, ಅಲ್ಲಿ ಕೀಲಾಯ್ಡ್ ಬಲು ಅಪರೂಪ. ಆದರೂ ರೆಪ್ಪೆಯ ಅಥವಾ ಕಣ್ಣೀರ ಚೀಲದ ಆಪರೇಷನ್ ಮೂಗಿನ ಬದಿಯ ಚರ್ಮದ ಮೂಲಕ ಆಗುವುದಿದ್ದರೆ ಮೊದಲೇ ಹೇಳಿ. ಕಣ್ಣೀರ ಚೀಲಕ್ಕೆ ಮೂಗಿನ ಒಳಗಿನಿಂದಲೇ ಮಾಡುವ ದಾರಿಯೂ ಇದೆ.

ಪೊರೆ ತೆಗೆಸಿ ಒಂದೂವರೆ ವರ್ಷ. ಮತ್ತೆ ಮಂಜಾಗಿದೆ. ಪೊರೆ ತಿರುಗಿ ಬೆಳೆಯಿತೆ?

ಪೊರೆ ತಿರುಗಿ ಬೆಳೆಯುವುದಿಲ್ಲ. ಆಪರೇಷನ್ನಿನಲ್ಲಿ ಮಸೂರದ ಒಳತಿರುಳನ್ನು ತೆಗೆದು, ಅದರ ತೆಳು ಚೀಲವನ್ನು ಉಳಿಸಿ, ಅದರೊಳಗೆ ಹೊಸ ಲೆನ್ಸ್ ಕೂರಿಸುತ್ತಾರೆ. ಚೀಲದ ಅಂಚಿನಲ್ಲಿ ಉಳಿದ ಕೆಲವು ಕೋಶಗಳು ಬೆಳೆಯುತ್ತಾ ಹಿಂಬದಿಯ ಗೋಡೆಗೆ ಹರಡಿ ಅದನ್ನು ಮಂಜಾಗಿಸುತ್ತವೆ. ಇದೂ ಗಾಯ ಮಾಯುವ ಪ್ರಕ್ರಿಯೆಯ ಭಾಗವೇ. ಯಾಗ್ ಲೇಸರ್‌ನಿಂದ ಕೆಲವೇ ನಿಮಿಷಗಳಲ್ಲಿ ಆ ಗೋಡೆಯ ನಡುವೆ ಕಿಂಡಿ ತೆರೆಯುತ್ತಾರೆ. ಚಾಕು ಇಲ್ಲ, ಹೊಲಿಗೆ ಇಲ್ಲ. ಎಳೆಯ ಮಕ್ಕಳಲ್ಲಿ ಈ ಬೆಳವಣಿಗೆ ಬಹಳ ಜೋರು. ಹಾಗಾಗಿ ಅವರಿಗೆ ಮೊದಲ ಆಪರೇಷನ್ನಿನಲ್ಲೇ ಹಿಂಗೋಡೆಯನ್ನು ತೆರೆಯುವುದು ರೂಢಿ.

ಕಣ್ಣಿನ ಮೂಲೆಯ ಮಾಂಸ ತೆಗೆಸಿದರೆ ಇನ್ನೂ ದಪ್ಪಗೆ ಬೆಳೆಯುತ್ತದೆ ಎನ್ನುತ್ತಾರೆ. ನಿಜವೇ?

ಹಳೆಯ ವಿಧಾನದಲ್ಲಿ ನಿಜವಿತ್ತು. ಬಿಸಿಲು, ಗಾಳಿ, ಧೂಳಿನಲ್ಲಿ ದುಡಿಯುವವರಿಗೆ ಬರುವ ಈ ಟೆರಿಜಿಯಂ ಬೆಳವಣಿಗೆಯನ್ನು ಕತ್ತರಿಸಿ, ಜಾಗವನ್ನು ಬರಿದಾಗಿ ಬಿಡುತ್ತಿದ್ದರು. ಬರಿದಾದ ಜಾಗಕ್ಕೆ ಅದೇ ಅಂಗಾಂಶ ಇನ್ನೂ ರಭಸದಿಂದ ನುಗ್ಗುತ್ತಿತ್ತು. ಈಗ ಅದೇ ಕಣ್ಣಿನ ಮೇಲ್ಭಾಗದಿಂದ, ರೆಪ್ಪೆಯ ಮರೆಯಿಂದ, ಆರೋಗ್ಯವಂತ ತೆಳುಪದರವನ್ನು ತೆಗೆದು ಅಲ್ಲಿ ಕೂರಿಸುತ್ತಾರೆ. ಹೊಲಿಗೆಯ ಬದಲು ಫೈಬ್ರಿನ್ ಅಂಟು ಬಳಸುವುದೂ ಇದೆ. ಮರುಬೆಳವಣಿಗೆ ಇದರಿಂದ ಬಹಳ ಕಡಿಮೆಯಾಗಿದೆ. ಎಳೆ ವಯಸ್ಸಿನವರಲ್ಲಿ ಅಪಾಯ ಸ್ವಲ್ಪ ಹೆಚ್ಚೇ. ತಂಪು ಕನ್ನಡಕ, ಟೋಪಿ ಬಿಡಬೇಡಿ.

ಲೇಸಿಕ್ ಮಾಡಿಸಲೋ, ಪಿಆರ್‌ಕೆ ಮಾಡಿಸಲೋ? ಯಾವುದರಲ್ಲಿ ಕಲೆ ಕಡಿಮೆ?

ಎರಡರಲ್ಲೂ ಲೇಸರ್ ಒಂದೇ, ಗಾಯ ಬೇರೆ. ಪಿಆರ್‌ಕೆಯಲ್ಲಿ ಮೇಲ್ಪದರವನ್ನು ತೆಗೆದು ಲೇಸರ್ ಹಾಯಿಸುತ್ತಾರೆ. ಮೂರರಿಂದ ಐದು ದಿನಗಳಲ್ಲಿ ಪದರ ಮತ್ತೆ ಬೆಳೆಯುತ್ತದೆ, ಅಲ್ಲಿಯವರೆಗೆ ಚೆನ್ನಾಗಿಯೇ ನೋಯುತ್ತದೆ. ಹೆಚ್ಚು ನಂಬರ್ ಇದ್ದವರಿಗೆ ಮುಂದಿನ ತಿಂಗಳುಗಳಲ್ಲಿ ತೆಳು ಮಂಜಿನ ಕಲೆ ಬರಬಹುದು. ಅದನ್ನು ತಡೆಯಲು ಆಪರೇಷನ್ ಮೇಜಿನ ಮೇಲೆಯೇ ಕೆಲವು ಸೆಕೆಂಡು ಮೈಟೊಮೈಸಿನ್ ಔಷಧ ಒತ್ತಿ ತೊಳೆಯುತ್ತಾರೆ. ನಂತರ ಬಿಸಿಲಿನಿಂದ ಕಣ್ಣನ್ನು ಕಾಪಾಡಿಕೊಳ್ಳಲು ಹೇಳುತ್ತಾರೆ.

ಲೇಸಿಕ್‌ನಲ್ಲಿ ಕಾರ್ನಿಯಾದ ತೆಳು ಮುಚ್ಚಳವೊಂದನ್ನು ಎತ್ತಿ, ಕೆಳಗೆ ಲೇಸರ್ ಹಾಯಿಸಿ, ಮುಚ್ಚಳವನ್ನು ಇಳಿಸುತ್ತಾರೆ. ನೋವು ಕಡಿಮೆ, ಮಂಜೂ ಕಡಿಮೆ. ಆದರೆ ಮುಚ್ಚಳ ಅಂಚಿನಲ್ಲಿ ಮಾತ್ರ ಗಟ್ಟಿಯಾಗಿ ಕೂಡುತ್ತದೆ. ವರ್ಷಗಳ ನಂತರವೂ ಬಲವಾದ ಪೆಟ್ಟಿಗೆ ಅದು ಸರಿದ ಪ್ರಸಂಗಗಳಿವೆ. ಕುಸ್ತಿ, ಬಾಕ್ಸಿಂಗ್ ಆಡುವವರಿಗೆ, ಸೈನ್ಯ ಸೇರಬಯಸುವವರಿಗೆ ನಾನು ಈ ಮಾತನ್ನು ಒತ್ತಿ ಹೇಳುತ್ತೇನೆ. ಮುಚ್ಚಳ ಎತ್ತುವಾಗ ಕಾರ್ನಿಯಾದ ನರಗಳೂ ಕತ್ತರಿಸಿಹೋಗುವುದರಿಂದ ತಿಂಗಳುಗಟ್ಟಲೆ ಕಣ್ಣು ಒಣಗಿದಂತಿರುವುದು ಸಾಮಾನ್ಯ.

## ಗಾಯ ಮುಚ್ಚಬಾರದ ಆಪರೇಷನ್

ಅಪ್ಪನ ಗ್ಲಾಕೋಮಾ ಆಪರೇಷನ್ನಿನಲ್ಲಿ ಕ್ಯಾನ್ಸರ್ ಔಷಧ ಹಾಕಿದರಂತೆ. ಅವರಿಗೆ ಕ್ಯಾನ್ಸರ್ ಇದೆಯೇ? ನಮ್ಮಿಂದ ಮುಚ್ಚಿಡುತ್ತಿದ್ದಾರೆಯೇ?

ಇಲ್ಲ, ಕ್ಯಾನ್ಸರ್ ಇಲ್ಲ. ಈ ಗಾಬರಿಯನ್ನು ಆಸ್ಪತ್ರೆಯವರು ಮೊದಲೇ ಎರಡು ಮಾತು ಹೇಳಿ ತಪ್ಪಿಸಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗ್ಲಾಕೋಮಾದಲ್ಲಿ ಕಣ್ಣಿನೊಳಗಿನ ನೀರು ಸರಿಯಾಗಿ ಹೊರಹೋಗದೆ ಒತ್ತಡ ಏರಿ ನರ ಹಾಳಾಗುತ್ತದೆ. 1968ರಲ್ಲಿ ಇಂಗ್ಲೆಂಡಿನ ಕೇರ್ನ್ಸ್ ವರದಿ ಮಾಡಿದ ಟ್ರಬೆಕ್ಯುಲೆಕ್ಟಮಿ ಎಂಬ ಆಪರೇಷನ್ ಇಂದಿಗೂ ಬಳಕೆಯಲ್ಲಿದೆ. ಬಿಳಿಗುಡ್ಡೆಯಲ್ಲಿ ಅರ್ಧ ದಪ್ಪದ ಮುಚ್ಚಳವೆತ್ತಿ, ಅದರ ಕೆಳಗೆ ಸಣ್ಣ ಕಿಂಡಿ ತೆಗೆದು, ನೀರು ಮೇಲಿನ ತೆಳುಪೊರೆಯ ಅಡಿಗೆ ಜಿನುಗುವಂತೆ ಮಾಡುತ್ತಾರೆ. ಮೇಲ್ರೆಪ್ಪೆಯ ಅಡಿಯಲ್ಲಿ ಅಲ್ಲೊಂದು ಮೆತ್ತನೆಯ ಉಬ್ಬು ಏಳುತ್ತದೆ.

ದೇಹಕ್ಕೆ ಇದು ಬೇಕೆಂದೇ ಮಾಡಿದ ದಾರಿ ಎಂದು ಗೊತ್ತಿಲ್ಲ. ಅದರ ಪಾಲಿಗೆ ಗಾಯ ಎಂದರೆ ಗಾಯ, ಮುಚ್ಚಲು ಹೊರಡುತ್ತದೆ. ಎಳೆಗಳು ಹೆಣೆದು ಕಲೆಗಟ್ಟಿದರೆ ನೀರಿನ ದಾರಿ ಕಟ್ಟಿ ಒತ್ತಡ ತಿರುಗಿ ಏರುತ್ತದೆ. ಈ ಆಪರೇಷನ್ ವಿಫಲವಾಗಲು ಮುಖ್ಯ ಕಾರಣವೇ ಕಲೆಗಟ್ಟುವುದು. ಕೋಶಗಳು ವೇಗವಾಗಿ ವೃದ್ಧಿಯಾಗುವುದನ್ನು ತಡೆಯುವುದು ಮೈಟೊಮೈಸಿನ್ ಮತ್ತು 5–ಫ್ಲೋರೋಯುರಾಸಿಲ್ ಎಂಬ ಔಷಧಗಳ ಗುಣ. ಹೀಗಾಗಿ ಅವು ಕ್ಯಾನ್ಸರ್ ಚಿಕಿತ್ಸೆಯಲ್ಲಿವೆ. ಅದೇ ಗುಣ ಇಲ್ಲಿ ಕಲೆ ಕಟ್ಟುವ ಕೋಶಗಳ ಮೇಲೆ ಕೆಲಸ ಮಾಡುತ್ತದೆ. ಮೈಟೊಮೈಸಿನ್ ಅನ್ನು ಸಾಮಾನ್ಯವಾಗಿ ಸಣ್ಣ ಸ್ಪಂಜಿನ ಚೂರಿನಲ್ಲಿ ಕೆಲವು ನಿಮಿಷ ಇಟ್ಟು ಧಾರಾಳವಾಗಿ ತೊಳೆಯುತ್ತಾರೆ. ಕ್ಯಾನ್ಸರ್ ರೋಗಿಗೆ ರಕ್ತಕ್ಕೆ ಕೊಡುವ ಪ್ರಮಾಣಕ್ಕೆ ಹೋಲಿಸಿದರೆ ಇದು ಅತ್ಯಲ್ಪ. ಕೂದಲು ಉದುರುವುದು, ವಾಂತಿ ಇಂಥವು ಇರುವುದಿಲ್ಲ.

ಅದೇ ಆಪರೇಷನ್ ಆದ ಮೇಲೆ ವಾರವಾರವೂ ಕರೆಸುತ್ತಾರೆ. ಒಮ್ಮೆ ಲೇಸರ್, ಒಮ್ಮೆ ಸೂಜಿ. ಆಪರೇಷನ್ ಕೆಟ್ಟಿತೆ?

ಕೆಟ್ಟಿಲ್ಲ. ಇಲ್ಲಿ ಆಪರೇಷನ್ ಅರ್ಧ ಕೆಲಸ, ಮುಂದಿನ ವಾರಗಳ ಕಾವಲು ಇನ್ನರ್ಧ. ಮೊದಲ ದಿನವೇ ನೀರು ಹೆಚ್ಚು ಹರಿದರೆ ಕಣ್ಣು ಮೆತ್ತಗಾಗಿ ಕುಸಿಯುತ್ತದೆ ಎಂದು ಮುಚ್ಚಳವನ್ನು ಬಿಗಿಯಾಗಿಯೇ ಹೊಲಿದಿರುತ್ತಾರೆ. ಆಮೇಲೆ ಒತ್ತಡ ನೋಡಿಕೊಂಡು ಲೇಸರ್‌ನಿಂದ ಒಂದೊಂದೇ ಹೊಲಿಗೆ ಕತ್ತರಿಸಿ ಹರಿವನ್ನು ಹೆಚ್ಚಿಸುತ್ತಾರೆ. ಉಬ್ಬು ಕೆಂಪಾಗಿ, ರಕ್ತನಾಳಗಳು ಸುರುಳಿಸುತ್ತಿಕೊಂಡರೆ ಕಲೆ ಕಟ್ಟಲು ಶುರುವಾಗಿದೆ ಎಂದರ್ಥ. ಆಗ ಸೂಜಿಯಿಂದ ಎಳೆಗಳನ್ನು ಬಿಡಿಸಿ ಔಷಧ ಚುಚ್ಚುತ್ತಾರೆ. ಎಳೆಯ ವಯಸ್ಸಿನವರು, ಮೊದಲೇ ಆಪರೇಷನ್ ಆದವರು, ಕಣ್ಣಿನೊಳಗೆ ಉರಿಯೂತ ಇದ್ದವರು, ವರ್ಷಗಟ್ಟಲೆ ಗ್ಲಾಕೋಮಾ ಹನಿ ಹಾಕಿಕೊಂಡವರು ಬೇಗ ಕಲೆ ಕಟ್ಟುತ್ತಾರೆ. ಬಸ್ಸಿನ ಖರ್ಚು, ಒಂದು ದಿನದ ಕೂಲಿ ಹೋಗುತ್ತದೆ ಎಂದು ಈ ಭೇಟಿಗಳನ್ನು ತಪ್ಪಿಸುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಬೇಡಿಕೊಳ್ಳುತ್ತೇನೆ: ಬೇರೆ ಯಾವ ಭೇಟಿ ತಪ್ಪಿದರೂ ಮೊದಲ ತಿಂಗಳಿನವು ತಪ್ಪಬಾರದು.

ಕಲೆ ಗೆದ್ದೇಬಿಟ್ಟರೆ ಕೊಳವೆ ಇಡುವ ದಾರಿಯಿದೆ. ಅಹಮದ್ ಕವಾಟ, ಮದುರೈನ ಅರೋಲ್ಯಾಬ್ ತಯಾರಿಸುವ ಆಡಿ (AADI) ಎಂಬ ಕೊಳವೆ ಸಾಧನ ನಮ್ಮ ದೇಶದಲ್ಲಿ ಬಳಕೆಯಲ್ಲಿವೆ. ಆಡಿಯಲ್ಲಿ ಕವಾಟವಿಲ್ಲ, ಹಾಗಾಗಿ ಕೊಳವೆಯನ್ನು ಕರಗುವ ದಾರದಿಂದ ಕಟ್ಟಿರುತ್ತಾರೆ. ದಾರ ಕರಗಲು ಬೇಕಾದ ಐದಾರು ವಾರಗಳಲ್ಲಿ ಹಿಂದಿನ ತಟ್ಟೆಯ ಸುತ್ತ ಕಲೆಯ ಚೀಲ ಕಟ್ಟಿಕೊಂಡು, ನೀರನ್ನು ಹದವಾಗಿ ಬಿಡುವ ಗೋಡೆಯಾಗುತ್ತದೆ. ಕಲೆಯನ್ನೇ ಕೆಲಸಕ್ಕೆ ಹಚ್ಚುವ ಈ ಉಪಾಯ ನನಗೆ ಬಹಳ ಇಷ್ಟ.

ಈ ಉಬ್ಬು ಇರುವವರು ಜೀವನಪೂರ್ತಿ ಏನು ಎಚ್ಚರ ವಹಿಸಬೇಕು?

ಔಷಧದಿಂದಾಗಿ ಉಬ್ಬಿನ ಗೋಡೆ ತೆಳುವಾಗಿರುತ್ತದೆ. ಹತ್ತು ವರ್ಷಗಳ ನಂತರವೂ ಅದರ ಮೂಲಕ ಸೋಂಕು ಒಳನುಗ್ಗಬಹುದು. ಆ ಕಣ್ಣು ಕೆಂಪಾಗಿ ನೋವು, ಪಿಸುರು ಕಂಡರೆ ಮದ್ರಾಸ್ ಐ ಎಂದು ಮನೆಯಲ್ಲಿ ಕೂರದೆ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಬೇಕು.

## ಕಾರ್ನಿಯಾ ಕಸಿ

ಕಸಿಯಾಗಿ ಎಂಟು ತಿಂಗಳಾದರೂ ಹೊಲಿಗೆ ತೆಗೆದಿಲ್ಲ. ಮರೆತರೆ?

ಮರೆತಿಲ್ಲ. ಚರ್ಮದ ಹೊಲಿಗೆಯನ್ನು ವಾರದಲ್ಲಿ ತೆಗೆಯುತ್ತಾರೆ, ಏಕೆಂದರೆ ಅಲ್ಲಿ ರಕ್ತ ಹರಿಯುತ್ತದೆ. ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ಅದು ಪಾರದರ್ಶಕವಾಗಿರುವುದಕ್ಕೂ, ಕಸಿಯನ್ನು ದೇಹ ಬೇಗ ತಿರಸ್ಕರಿಸದಿರುವುದಕ್ಕೂ ಇದು ಕಾರಣ; ನಿಧಾನವಾಗಿ ಮಾಯುವುದಕ್ಕೂ ಇದೇ ಕಾರಣ. ಪೂರ್ಣ ದಪ್ಪದ ಕಸಿಯಲ್ಲಿ ಕೂದಲಿಗಿಂತ ತೆಳುವಾದ ನೈಲಾನ್ ಹೊಲಿಗೆಗಳು ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಇರುತ್ತವೆ. ತೆಗೆದ ಮೇಲೂ ಆ ವೃತ್ತ ಹುಟ್ಟುಕಣ್ಣಿನಷ್ಟು ಬಲ ಪಡೆಯುವುದಿಲ್ಲ. ಪೆಟ್ಟು ಬೀಳದಂತೆ ಜೀವಮಾನವಿಡೀ ನೋಡಿಕೊಳ್ಳಬೇಕು. ಹೊಲಿಗೆ ಸಡಿಲವಾಗಿ ಚುಚ್ಚಿದರೆ, ಬೆಳಕು ನೋಡಲಾಗದಿದ್ದರೆ, ಕೆಂಪಾಗಿ ದೃಷ್ಟಿ ಇಳಿದರೆ ತಡಮಾಡಬೇಡಿ. ಬೇಗ ಬಂದರೆ ತಿರಸ್ಕಾರವನ್ನು ಹನಿಗಳಿಂದಲೇ ತಡೆಯಬಹುದು.

ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣು ನಾಲ್ವರಿಗೆ ಹೇಗೆ ಆಯಿತು?

2021ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಒಂದೊಂದು ಕಾರ್ನಿಯಾವನ್ನೂ ಎರಡು ಪದರಗಳಾಗಿ ಬಿಡಿಸಿದರು. ಮುಂದಿನ ಪದರ ಹಾಳಾದ ಇಬ್ಬರಿಗೆ ಮುಂಪದರ, ಒಳಪದರ ಹಾಳಾದ ಇಬ್ಬರಿಗೆ ಹಿಂಪದರ ಕೂರಿಸಿದರು.

ಗಾಯದ ದೃಷ್ಟಿಯಿಂದ ಇದರ ಬೆಲೆ ದೊಡ್ಡದು. ತೀರ ಒಳಗಿನ ಪದರದ ಕೋಶಗಳು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ವಯಸ್ಕರಲ್ಲಿ ಚದರ ಮಿಲಿಮೀಟರಿಗೆ ಸುಮಾರು 2,500 ಇರುತ್ತವೆ, ವಯಸ್ಸಿನೊಂದಿಗೆ ಇಳಿಯುತ್ತವೆ. ಕೆಲವು ಸತ್ತರೆ ಉಳಿದವು ಅಗಲವಾಗಿ ಜಾಗ ತುಂಬುತ್ತವೆ, ಅಷ್ಟೇ. ತೀರ ಕಡಿಮೆಯಾದಾಗ ಕಾರ್ನಿಯಾ ನೀರು ಕುಡಿದು ಊದುತ್ತದೆ. ಹಿಂದೆ ಇದಕ್ಕೂ ಇಡೀ ಕಾರ್ನಿಯಾ ಬದಲಿಸುತ್ತಿದ್ದರು. ಈಗ ಒಳಪದರವನ್ನಷ್ಟೇ ಸಣ್ಣ ಗಾಯದಿಂದ ಒಳಗೆ ಬಿಟ್ಟು ಗಾಳಿಗುಳ್ಳೆಯಿಂದ ಒತ್ತಿ ಅಂಟಿಸುತ್ತಾರೆ. ವೃತ್ತಾಕಾರದ ಗಾಯವಿಲ್ಲ, ವರ್ಷದ ಹೊಲಿಗೆಯಿಲ್ಲ. ಕೆಲಕಾಲ ಅಂಗಾತ ಮಲಗಬೇಕು, ಅಷ್ಟೇ.

## ಕಷ್ಟದ ಪ್ರಶ್ನೆಗಳು

ರೆಟಿನಾ ಕಳಚಿದ್ದನ್ನು ಕೂರಿಸಿದರು. ಎರಡು ತಿಂಗಳಿಗೆ ಮತ್ತೆ ಕಳಚಿದೆ. ತಪ್ಪು ಯಾರದು?

ಬಹಳ ಸಲ ಯಾರದ್ದೂ ಅಲ್ಲ. ರೆಟಿನಾ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ತೆಳುಪರದೆ) ಹರಿದಾಗ ಅದರ ಹಿಂದಿನ ವರ್ಣಕೋಶಗಳು ಕಣ್ಣಿನೊಳಗೆ ಚದುರಿ, ರೆಟಿನಾದ ಮೇಲೆ ನೆಲೆಯೂರಿ ಕಲೆಯ ಪೊರೆ ಕಟ್ಟುತ್ತವೆ. ಪೊರೆ ಕುಗ್ಗುತ್ತಾ ರೆಟಿನಾವನ್ನು ಎಳೆದು ಕಳಚುತ್ತದೆ. ಆಪರೇಷನ್ ಆದವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಹೀಗಾಗುತ್ತದೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಮತ್ತೆ ಒಳಹೋಗಿ ಪೊರೆ ಸುಲಿದು ಸಿಲಿಕಾನ್ ಎಣ್ಣೆ ತುಂಬುವುದು ಈಗಿರುವ ದಾರಿ. ಕಳಚಿದ ಮೊದಲ ದಿನಗಳಲ್ಲೇ ಬಂದವರಿಗೆ ಅಪಾಯ ಕಡಿಮೆ. ಕಣ್ಣೆದುರು ಮಿಂಚು, ಕಪ್ಪು ಚುಕ್ಕೆಗಳ ಮಳೆ, ಪರದೆ ಇಳಿದ ಅನುಭವ ಆದರೆ ನಾಳೆ ನೋಡೋಣ ಎನ್ನಬೇಡಿ.

ಎಲೆಅಡಿಕೆಯ ಸುಣ್ಣದ ಪ್ಯಾಕೆಟ್ ಒಡೆದು ಮಗುವಿನ ಕಣ್ಣಿಗೆ ಸಿಡಿಯಿತು. ಕಾರ್ನಿಯಾ ಬದಲಿಸಿದರೆ ಸರಿಹೋಗುತ್ತದೆಯೆ?

ಬರೀ ಅದರಿಂದ ಸಾಕಾಗದಿರಬಹುದು. 1905ರಲ್ಲಿ ಎಡುವರ್ಡ್ ಜಿರ್ಮ್ ಇಂದಿನ ಚೆಕ್ ದೇಶದ ಓಲೊಮೌತ್ಸ್‌ನಲ್ಲಿ ಮಾಡಿದ ಮೊದಲ ಯಶಸ್ವಿ ಕಾರ್ನಿಯಾ ಕಸಿ ಸುಣ್ಣದಿಂದ ಕಣ್ಣು ಸುಟ್ಟಿದ್ದ ಕೂಲಿಯವನಿಗೇ ಆಗಿತ್ತು. ಆದರೆ ಸುಣ್ಣ ಅಂಚಿನ ಕಾಂಡಕೋಶಗಳನ್ನೇ ಕೊಂದಿದ್ದರೆ ಹೊಸ ಕಾರ್ನಿಯಾದ ಮೇಲೆ ಮೇಲ್ಪದರ ನಿಲ್ಲುವುದಿಲ್ಲ. ಬಿಳಿಗುಡ್ಡೆಯ ಪೊರೆ ರಕ್ತನಾಳಗಳೊಂದಿಗೆ ಹರಿದು ಬರುತ್ತದೆ. ಅಂಥ ಕಣ್ಣಿಗೆ ಮೊದಲು ಕಾಂಡಕೋಶ ಬೇಕು. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ವೀರೇಂದ್ರ ಸಂಗ್ವಾನ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಸ್ಲೆಟ್ ವಿಧಾನದಲ್ಲಿ ಒಳ್ಳೆಯ ಕಣ್ಣಿನ ಅಂಚಿನಿಂದ ಸುಮಾರು 2 ಮಿಲಿಮೀಟರಿನ ಚೂರು ತೆಗೆದು, ಸಣ್ಣ ಸಣ್ಣ ತುಣುಕು ಮಾಡಿ, ಕಣ್ಣಿನ ಮೇಲೆ ಹಾಸಿದ ಗರ್ಭಚೀಲದ ಪೊರೆಯ (ಆಮ್ನಿಯಾಟಿಕ್ ಪೊರೆ) ಮೇಲೆ ಅಂಟಿಸುತ್ತಾರೆ. ದುಬಾರಿ ಪ್ರಯೋಗಾಲಯ ಬೇಕಿಲ್ಲ. ತುಣುಕುಗಳು ಕಣ್ಣಿನ ಮೇಲೆಯೇ ಬೆಳೆಯುತ್ತವೆ.

ಸುಣ್ಣ ಬಿದ್ದ ಕೂಡಲೇ ರೆಪ್ಪೆ ಅರಳಿಸಿ, ಅಂಟಿದ ಚೂರುಗಳನ್ನು ತೆಗೆಯುತ್ತಾ, ಸಿಕ್ಕ ಶುದ್ಧ ನೀರಿನಲ್ಲಿ ಅರ್ಧ ಗಂಟೆ ತೊಳೆಯಿರಿ, ಆಮೇಲೆ ಆಸ್ಪತ್ರೆಗೆ ಓಡಿ. ಆ ಪ್ಯಾಕೆಟ್ಟುಗಳನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಇಪ್ಪತ್ತು ವರ್ಷದ ಹಳೆಯ ಕಲೆ. ಕಸಿ ಇಲ್ಲದೆ ಏನಾದರೂ ಮಾಡಬಹುದೆ?

ಹಲವರಿಗೆ ಮಾಡಬಹುದು. ಕಲೆ ಮೇಲ್ಭಾಗದಲ್ಲೇ ಇದ್ದರೆ ಲೇಸರ್‌ನಿಂದ ಸವೆಸಬಹುದು. ಕಲೆ ತೆಳುವಾಗಿದ್ದು ಮೇಲ್ಮೈ ಉಬ್ಬುತಗ್ಗಾಗಿ ಮಸುಕು ಕಾಣುತ್ತಿದ್ದರೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಒಂದೇ ದೃಷ್ಟಿಯನ್ನು ಬಹಳಷ್ಟು ಸುಧಾರಿಸುವುದುಂಟು, ಹಾಗಾಗಿ ಕಸಿಗೆ ಒಪ್ಪುವ ಮೊದಲು ಇದನ್ನೊಮ್ಮೆ ಹಾಕಿ ನೋಡಿಸಿ. ಕಣ್ಣು ಬಾಲ್ಯದಲ್ಲೇ ಕಲೆಗಟ್ಟಿದ್ದರೆ ಮಿದುಳು ಆ ಕಣ್ಣಿನಿಂದ ನೋಡಲು ಕಲಿತಿರುವುದಿಲ್ಲ. ಆಗ ಕಸಿ ಬಣ್ಣ ತಿದ್ದೀತು, ದೃಷ್ಟಿ ಕೊಡುವುದು ಕಷ್ಟ. ಆ ಕಣ್ಣಿಗೆ ಕಲೆ ಬಂದದ್ದು ಎಷ್ಟನೆಯ ವಯಸ್ಸಿನಲ್ಲಿ ಎಂದು ಮನೆಯ ಹಿರಿಯರನ್ನು ಕೇಳಿ ತಿಳಿದುಕೊಂಡು, ಹಳೆಯ ಚೀಟಿಗಳಿದ್ದರೆ ಅವನ್ನೂ ಹಿಡಿದು ಕಾರ್ನಿಯಾ ತಜ್ಞರ ಬಳಿ ಹೋಗಿ.